ರೆಂಡರ್ ಒತ್ತುವ ಮುಂಚೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಕಂಪ್ಯೂಟರಿನಲ್ಲಿ ಮನೆಯ 3ಡಿ ಮಾದರಿ ಕಟ್ಟಿ ಅದರ ಚಿತ್ರ ತೆಗೆಯುವವರಿಂದ (ಹಾಗೆ ಚಿತ್ರ ತೆಗೆಯುವುದಕ್ಕೇ ರೆಂಡರ್ ಅನ್ನುವುದು) ಈ ಸಲ ಬಂದ ಪತ್ರಗಳಲ್ಲಿ ಬಹುಪಾಲಿನದ್ದು ಒಂದೇ ರಾಗ. "ನನ್ನ ಕಂಪ್ಯೂಟರ್ ಸಾಲದು ಅನಿಸುತ್ತೆ, ಹೊಸದು ತಗೊಳ್ಳಲಾ?" ಪತ್ರದ ಜೊತೆ ಚಿತ್ರ ಕಳಿಸಿದವರದ್ದನ್ನೆಲ್ಲ ತೆರೆದು ನೋಡಿದೆ. ಕಂಪ್ಯೂಟರ್ ನಿಜವಾಗಿಯೂ ಸಾಲದೆ ಹೋಗಿರುವುದು ಒಬ್ಬಿಬ್ಬರದ್ದು. ಉಳಿದವರ ತೊಂದರೆ ಬೆಳಕಿನದ್ದು, ಅಳತೆಯದ್ದು, ಇಲ್ಲವೇ ಕ್ಯಾಮೆರಾದ್ದು. ದುಡ್ಡು ಖರ್ಚು ಮಾಡುವ ಮೊದಲು ಇದಿಷ್ಟು ನೋಡಿಬಿಡಿ.

ಪ್ರಶ್ನೆ: ಸ್ವೀಟ್ ಹೋಮ್ 3ಡಿಯಲ್ಲಿ ನಮ್ಮ ಮನೆಯ ನಕ್ಷೆ ಮಾಡಿದ್ದೇನೆ. ಹಾಲ್‌ನಲ್ಲಿ ನಾಲ್ಕು ದೀಪ ಇಟ್ಟಿದ್ದೇನೆ. ಫೋಟೋ ತೆಗೆದರೆ ದೀಪ ಕಾಣುತ್ತೆ, ಬೆಳಕು ಮಾತ್ರ ಇಲ್ಲ. ಹಾಲ್ ಗುಹೆಯ ಹಾಗೆ ಕಾಣುತ್ತೆ. ಏನು ಮಾಡಲಿ? (ಗೃಹಿಣಿ)

ನೀವು ಕಳಿಸಿದ ಚಿತ್ರ ನೋಡಿದ ಕೂಡಲೇ ಒಂದು ಅನುಮಾನ ಬಂತು. ಫೋಟೋ ತೆಗೆಯುವ ಕಿಟಕಿಯಲ್ಲಿ ಗುಣಮಟ್ಟದ ಒಂದು ಪಟ್ಟಿ ಇದೆಯಲ್ಲ, ನಾಲ್ಕು ಹಂತದ್ದು? ನಿಮ್ಮದು ಎರಡನೇ ಹಂತದಲ್ಲಿ ನಿಂತಿರಬೇಕು. ಮೊದಲ ಎರಡು ಹಂತಗಳಲ್ಲಿ ಪ್ರೋಗ್ರಾಂ ಪರದೆಯ ಮೇಲೆ ಕಾಣುವ ಚಿತ್ರವನ್ನೇ ಬೇಗ ತೆಗೆದುಕೊಡುತ್ತದೆ. ದೀಪದ ಬೆಳಕು ಎಲ್ಲಿ ಬಿತ್ತು, ಎಲ್ಲಿ ನೆರಳಾಯಿತು ಎಂಬ ಲೆಕ್ಕ ಶುರುವಾಗುವುದು ಮೂರನೇ ಮತ್ತು ನಾಲ್ಕನೇ ಹಂತದಲ್ಲಿ. ದಿನಾಂಕ, ಸಮಯ, ಸೀಲಿಂಗ್ ಲೈಟ್ ಸೇರಿಸುವ ಆಯ್ಕೆ, ಇವೂ ಆ ಎರಡು ಹಂತಕ್ಕೆ ಹೋದಾಗಲೇ ಕೆಲಸಕ್ಕೆ ಬರುತ್ತವೆ. ಮೊದಲು ಪಟ್ಟಿಯನ್ನು ಮೂರಕ್ಕೆ ಸರಿಸಿ, ಚಿತ್ರದ ಅಗಲವನ್ನು 400 ಪಿಕ್ಸೆಲ್‌ಗೆ ಇಳಿಸಿ, ಒಂದು ಸಣ್ಣ ಫೋಟೋ ತೆಗೆದು ನೋಡಿ. ಬೆಳಕು ಸರಿಯಾಯಿತು ಅನ್ನಿಸಿದ ಮೇಲೆ ದೊಡ್ಡದು ತೆಗೆಯಬಹುದು.

ಆಮೇಲೂ ಕತ್ತಲೆಯೇ ಇದ್ದರೆ ದೀಪಗಳನ್ನು ಒಂದೊಂದಾಗಿ ಡಬಲ್ ಕ್ಲಿಕ್ ಮಾಡಿ. ಬೆಳಕಿನ ಶಕ್ತಿ ಎಷ್ಟು ಶೇಕಡಾ ಎಂದು ಕೇಳುವ ಜಾಗ ಕಂಡರೆ ಅದು ನಿಜವಾದ ದೀಪ. ಆ ಜಾಗವೇ ಇಲ್ಲ ಅಂದರೆ ಅದು ದೀಪದ ಆಕಾರದ ಸಾಮಾನು ಅಷ್ಟೇ. ಎಲ್ಲಿಂದಲೋ ಇಳಿಸಿಕೊಂಡು ಸೇರಿಸಿದ ಜೂಮರ್‌ಗಳ ಕಥೆ ಹೆಚ್ಚಾಗಿ ಇದೇ. ಅದನ್ನು ಎಸೆಯಬೇಕಾಗಿಲ್ಲ. ಕ್ಯಾಟಲಾಗಿನ ದೀಪಗಳ ಗುಂಪಿನಲ್ಲಿ ಬರೀ ಬೆಳಕಿನ ಮೂಲ ಎಂಬ ಸಣ್ಣ ವಸ್ತುಗಳು ಸಿಗುತ್ತವೆ. ಒಂದನ್ನು ತಂದು, ನೆಲದಿಂದ ಅದರ ಎತ್ತರವನ್ನು ಜೂಮರ್‌ಗಿಂತ ಸ್ವಲ್ಪ ಕೆಳಕ್ಕೆ ಬರುವ ಹಾಗೆ ಕೊಡಿ.

ಹಗಲಿನ ಚಿತ್ರ ಬೇಕಿದ್ದರೆ ದಿಕ್ಸೂಚಿಯನ್ನೂ ನೋಡಿ. ನಕ್ಷೆಯಲ್ಲಿರುವ ಆ ದಿಕ್ಸೂಚಿಯಲ್ಲಿ ಉತ್ತರ ದಿಕ್ಕು, ಊರಿನ ಅಕ್ಷಾಂಶ, ರೇಖಾಂಶ ತುಂಬಬೇಕು. ಅದನ್ನು ಮುಟ್ಟದೆ ಬಿಟ್ಟವರ ಮನೆಗೆ ಸೂರ್ಯ ಇನ್ನಾವುದೋ ಊರಿನ ಲೆಕ್ಕದಲ್ಲಿ ಹುಟ್ಟುತ್ತಾನೆ! ಪೂರ್ವದ ಕಿಟಕಿಗೆ ಸಂಜೆ ಬಿಸಿಲು ಬಿದ್ದಿರುವ ಚಿತ್ರಗಳೂ ನನಗೆ ಬಂದಿವೆ.

ಇನ್ನೊಂದು ವಿಷಯ. ಹಗಲು ಹೊತ್ತು ಕಿಟಕಿಯಾಚೆ ನೇರ ಬಿಸಿಲು ಸುಮಾರು 1,00,000 ಲಕ್ಸ್ (ಬೆಳಕನ್ನು ಅಳೆಯುವ ಮಾನ) ಇರುತ್ತದೆ. ಒಳಗಿನ ಮೂಲೆಯಲ್ಲಿ ಕೆಲವು ನೂರು ಇದ್ದರೆ ಜಾಸ್ತಿ. ನಮ್ಮ ಕಣ್ಣು ಇದನ್ನು ಹೇಗೋ ಸರಿದೂಗಿಸಿಕೊಳ್ಳುತ್ತದೆ, ಕ್ಯಾಮೆರಾಕ್ಕೆ ಅದು ಬರುವುದಿಲ್ಲ. ಒಳಗೂ ಹೊರಗೂ ಒಂದೇ ಚಿತ್ರದಲ್ಲಿ ಚೆನ್ನಾಗಿ ಬರಬೇಕು ಎಂದು ಹಟ ಹಿಡಿಯಬೇಡಿ. ಹೊರಗಡೆ ಸ್ವಲ್ಪ ಬೆಳ್ಳಗೆ ಹೋದರೆ ಹೋಗಲಿ.

ಪ್ರಶ್ನೆ: ಇಳಿಸಿಕೊಂಡ ಸೋಫಾ ಮನೆಗಿಂತ ದೊಡ್ಡದಾಗಿ ಬರುತ್ತದೆ. ಎಳೆದು ಎಳೆದು ಚಿಕ್ಕದು ಮಾಡುತ್ತಿದ್ದೇನೆ. (ಹೊಸದಾಗಿ ಕಲಿಯುತ್ತಿರುವವರು)

ಕಣ್ಣಳತೆಯಲ್ಲಿ ಎಳೆಯಬೇಡಿ, ಭಾಗಿಸಿ. ಸೋಫಾದ ಅಗಲ ಎಷ್ಟು ತೋರಿಸುತ್ತಿದೆ, ನಿಜವಾಗಿ ಎಷ್ಟು ಇರಬೇಕು ನೋಡಿ. 25.4 ಪಟ್ಟು ದೊಡ್ಡದಿದ್ದರೆ ಇಂಚು ಮತ್ತು ಮಿಲಿಮೀಟರ್ ಕಲೆತಿವೆ. 10 ಪಟ್ಟು ಅಂದರೆ ಮಿಲಿಮೀಟರ್ ಮತ್ತು ಸೆಂಟಿಮೀಟರ್. 1000 ಪಟ್ಟು ಅಂದರೆ ಮಿಲಿಮೀಟರ್ ಮತ್ತು ಮೀಟರ್. ಯಾವುದು ಎಂದು ಗೊತ್ತಾದ ಮೇಲೆ ಒಳಗೆ ತರುವಾಗಲೇ ಯೂನಿಟ್ ಸರಿಯಾಗಿ ಆರಿಸಿ. ಆಗ ಅದೇ ಜಾಗದಿಂದ ತರುವ ಮುಂದಿನ ಕುರ್ಚಿ, ಮೇಜುಗಳೂ ಸರಿಯಾಗಿ ಬರುತ್ತವೆ.

ಪ್ರಶ್ನೆ: ಅದೇ ರೀತಿ ಇಳಿಸಿಕೊಂಡ ಒಬಿಜೆ ಫೈಲ್ ಬಣ್ಣವೇ ಇಲ್ಲದೆ ಬಿಳಿಯಾಗಿ ಬರುತ್ತದೆ. ಬಟ್ಟೆಯ ಚಿತ್ರ ಜೊತೆಯಲ್ಲೇ ಇದೆ. (ಇಂಟೀರಿಯರ್ ವಿದ್ಯಾರ್ಥಿನಿ)

ಒಬಿಜೆ ಫೈಲಿನಲ್ಲಿ ಇರುವುದು ಆಕಾರ ಮಾತ್ರ. ಬಣ್ಣ, ಬಟ್ಟೆಯ ವಿವರ ಇರುವುದು ಅದರ ಜೊತೆಗೆ ಬರುವ ಎಂಟಿಎಲ್ ಎಂಬ ಸಣ್ಣ ಫೈಲಿನಲ್ಲಿ. ಅದನ್ನು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ, ಭಯ ಬೇಡ, ಬರೀ ಅಕ್ಷರಗಳೇ. "ಮ್ಯಾಪ್" ಎಂದು ಶುರುವಾಗುವ ಸಾಲುಗಳನ್ನು ಹುಡುಕಿ. ಅಲ್ಲಿ ಚಿತ್ರದ ಹೆಸರಿನ ಹಿಂದೆ ಸಿ ಡ್ರೈವ್, ಯಾರದೋ ಹೆಸರು, ಡೆಸ್ಕ್‌ಟಾಪ್ ಎಂದೆಲ್ಲ ಉದ್ದದ ವಿಳಾಸ ಕಂಡರೆ ಅದು ಆ ಮಾದರಿ ಮಾಡಿದವರ ಕಂಪ್ಯೂಟರಿನ ದಾರಿ. ನಿಮ್ಮ ಕಂಪ್ಯೂಟರಿನಲ್ಲಿ ಆ ದಾರಿ ಎಲ್ಲಿಂದ ಬರಬೇಕು? ಹೆಸರಿನ ಹಿಂದಿರುವ ಆ ವಿಳಾಸವನ್ನೆಲ್ಲ ಅಳಿಸಿ, ಚಿತ್ರದ ಫೈಲ್ ಹೆಸರಷ್ಟೇ ಉಳಿಸಿ ಸೇವ್ ಮಾಡಿ. ಮೂರೂ ಫೈಲುಗಳು ಒಂದೇ ಫೋಲ್ಡರ್‌ನಲ್ಲಿರಲಿ. ಸ್ವೀಟ್ ಹೋಮ್ 3ಡಿಗೆ ತರುವುದಾದರೆ ಮೂರನ್ನೂ ಸೇರಿಸಿ ಒಂದು ಜಿಪ್ ಮಾಡಿ, ಆ ಜಿಪ್ ಅನ್ನೇ ಕೊಡಿ. ಚಿತ್ರಕ್ಕೆ ಕನ್ನಡದಲ್ಲಿ ಹೆಸರಿಟ್ಟಿದ್ದರೆ, ಮನಸ್ಸಿಗೆ ಬೇಜಾರಾದರೂ, ಇದೊಂದು ಕಡೆ ಇಂಗ್ಲಿಷ್ ಅಕ್ಷರಕ್ಕೆ ಬದಲಾಯಿಸಿ. ಹಳೆಯ ಪ್ರೋಗ್ರಾಂಗಳು ಎಡವುವುದು ಅಲ್ಲೇ.

ಪ್ರಶ್ನೆ: ಬ್ಲೆಂಡರ್‌ನಲ್ಲಿ ಸೈಕಲ್ಸ್ (ಅದರ ರೆಂಡರ್ ಎಂಜಿನ್) ಬಳಸಿ ರೆಂಡರ್ ಮಾಡಿದರೆ ಗೋಡೆಯ ತುಂಬ ಮರಳು ಎರಚಿದ ಹಾಗೆ ಚುಕ್ಕೆ. ಸ್ಯಾಂಪಲ್ ಏರಿಸಿದರೆ ರಾತ್ರಿಯಿಡೀ ಓಡುತ್ತದೆ. ಡಿನಾಯ್ಸ್ (ಚುಕ್ಕೆ ಅಳಿಸುವ ಸೌಲಭ್ಯ) ಹಾಕಿದರೆ ಮರದ ಗೆರೆಗಳೆಲ್ಲ ಮೇಣ ಸವರಿದ ಹಾಗೆ ಆಗುತ್ತವೆ. (ಬಿಡುವಿನ ವೇಳೆಯ ಕಲಾವಿದ)

ಸ್ಯಾಂಪಲ್ ಅಂದರೆ ಒಂದೊಂದು ಪಿಕ್ಸೆಲ್‌ಗೆ ಸೈಕಲ್ಸ್ ಎಷ್ಟು ಸಲ ಕಿರಣ ಬಿಟ್ಟು ನೋಡುತ್ತದೆ ಎಂಬ ಎಣಿಕೆ. ಅದರ ಲೆಕ್ಕ ಸ್ವಲ್ಪ ಕ್ರೂರ. ಚುಕ್ಕೆ ಅರ್ಧಕ್ಕೆ ಇಳಿಯಬೇಕಾದರೆ ಸ್ಯಾಂಪಲ್ ನಾಲ್ಕು ಪಟ್ಟು ಆಗಬೇಕು. 128ರಲ್ಲಿ ಇರುವ ಚುಕ್ಕೆ ಅರ್ಧ ಆಗಲು 512, ಕಾಲು ಭಾಗ ಆಗಲು 2048. ಸಮಯವೂ ಅದೇ ಪ್ರಮಾಣದಲ್ಲಿ ಏರುತ್ತದೆ. ಹಾಗಾಗಿ ಸ್ಯಾಂಪಲ್ ಏರಿಸುವುದು ಕೊನೆಯ ಮದ್ದು. ಮೊದಲು ಚುಕ್ಕೆ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ.

ನೀವು ಕಳಿಸಿದ ರೂಮಿನಲ್ಲಿ ಬೆಳಕು ಬರುವ ದಾರಿ ಒಂದೇ, ಆ ಸಣ್ಣ ಕಿಟಕಿ. ಅದಕ್ಕೂ ಗಾಜು ಹಾಕಿದ್ದೀರಿ. ಬೆಳಕು ಆ ಗಾಜನ್ನು ದಾಟಿ, ನೆಲಕ್ಕೆ ಬಡಿದು, ಗೋಡೆಗೆ ಹಾರಿ ಕ್ಯಾಮೆರಾಕ್ಕೆ ಬರುವ ದಾರಿಗಳನ್ನು ಸೈಕಲ್ಸ್ ಅದೃಷ್ಟದ ಮೇಲೆ ಹುಡುಕಬೇಕು. ಹೆಚ್ಚಿನ ಕಿರಣಗಳು ಖಾಲಿ ಕೈಯಲ್ಲಿ ವಾಪಸ್ ಬರುತ್ತವೆ. ಆ ಖಾಲಿ ಕೈಯೇ ನಿಮ್ಮ ಚುಕ್ಕೆ. ಕಿಟಕಿಯ ಗಾಜನ್ನು ಸುಮ್ನೆ ತೆಗೆದು ಒಮ್ಮೆ ರೆಂಡರ್ ಮಾಡಿ. ಎದುರುಗಡೆಯಿಂದ ನೋಡುವ ಕಿಟಕಿಯಲ್ಲಿ ಗಾಜು ಇಲ್ಲ ಎಂದು ಯಾರೂ ಕಂಡುಹಿಡಿಯುವುದಿಲ್ಲ. ಪ್ರತಿಬಿಂಬಕ್ಕಾಗಿ ಗಾಜು ಬೇಕೇ ಬೇಕು ಅಂದರೆ, ನೆರಳಿನ ಕಿರಣಕ್ಕೆ ಮಾತ್ರ ಅದನ್ನು ಪಾರದರ್ಶಕ ಮಾಡುವ ಹಾಗೆ ಮೆಟೀರಿಯಲ್ ಕಟ್ಟಿ. ಲೈಟ್ ಪಾತ್ ನೋಡ್ ಇರುವುದು ಇಂಥದ್ದಕ್ಕೇ. ಕಿಟಕಿಯ ಅಳತೆಗೆ ಸರಿಯಾಗಿ ಹೊರಗಡೆ ಒಂದು ಏರಿಯಾ ಲೈಟ್ ಇಟ್ಟು ಅದರಲ್ಲಿ ಪೋರ್ಟಲ್ ಆಯ್ಕೆ ಮಾಡಿದರೆ ಆಕಾಶದ ಬೆಳಕು ಯಾವ ಕಡೆಯಿಂದ ಬರುತ್ತದೆ ಎಂದು ಸೈಕಲ್ಸ್‌ಗೆ ತಿಳಿಯುತ್ತದೆ.

ಅಲ್ಲಲ್ಲಿ ಒಂಟಿಯಾಗಿ ಮಿನುಗುವ ಬಿಳಿ ಚುಕ್ಕೆಗಳು ಬೇರೆ ಜಾತಿ. ಅವಕ್ಕೆ ಫೈರ್‌ಫ್ಲೈ ಅನ್ನುತ್ತಾರೆ. ಹೊಳೆಯುವ ನಲ್ಲಿ, ಕನ್ನಡಿ, ಪುಟಾಣಿ ಗಾತ್ರದ ಭಾರೀ ದೀಪ, ಇವು ಇದ್ದ ಕಡೆ ಬರುತ್ತವೆ. ಕ್ಲ್ಯಾಂಪ್‌ನಲ್ಲಿ ಇನ್‌ಡೈರೆಕ್ಟ್ ಮೊದಲಿಗೆ 10 ಇರುತ್ತದೆ, ಅತಿಯಾದ ಹೊಳಪಿಗೆ ಅದೇ ಮಿತಿ, ಅದನ್ನು 3 ಅಥವಾ 4ಕ್ಕೆ ಇಳಿಸಿ. ಕಾಸ್ಟಿಕ್ಸ್ (ಗಾಜು, ಕನ್ನಡಿಯಿಂದ ಹಾರಿ ಬೀಳುವ ಬೆಳಕಿನ ಹೊಳಪು) ಎರಡನ್ನೂ ಆಫ್ ಮಾಡಿ. ದೀಪದ ಗಾತ್ರ ಸ್ವಲ್ಪ ಹಿಗ್ಗಿಸಿ.

ಮರದ ಗೆರೆ ಅಳಿಸಿಹೋಗುವುದಕ್ಕೆ ಡಿನಾಯ್ಸ್ ಅನ್ನು ದೂರಬೇಡಿ. ತೀರಾ ಕಡಿಮೆ ಸ್ಯಾಂಪಲ್ ಕೊಟ್ಟರೆ ಗೆರೆ ಯಾವುದು, ಚುಕ್ಕೆ ಯಾವುದು ಎಂದು ಅದಕ್ಕೂ ಗೊತ್ತಾಗುವುದಿಲ್ಲ. ಡಿನಾಯ್ಸ್‌ನ ಪಾಸ್ ಆಯ್ಕೆಯಲ್ಲಿ ಆಲ್ಬಿಡೊ (ಮೇಲ್ಮೈಯ ಬಣ್ಣ) ಮತ್ತು ನಾರ್ಮಲ್ (ಮೇಲ್ಮೈ ಮುಖ ಮಾಡಿದ ದಿಕ್ಕು) ಎರಡೂ ಇರಲಿ. ಆಗ ಅದು ಮರದ ಬಣ್ಣವನ್ನು ಬೇರೆಯಾಗಿ ನೋಡಿ, ಗೆರೆಯನ್ನು ಉಳಿಸಿಕೊಳ್ಳುತ್ತದೆ. ನಾಯ್ಸ್ ಥ್ರೆಷೋಲ್ಡ್ (ಚುಕ್ಕೆ ಎಷ್ಟಕ್ಕೆ ಇಳಿದರೆ ಸಾಕು ಎಂಬ ಮಿತಿ) ಮೊದಲಿಗೆ 0.01 ಇರುತ್ತದೆ. ಪ್ರಯೋಗ ಮಾಡುವಾಗ 0.1 ಇಟ್ಟುಕೊಳ್ಳಿ, ಕೊನೆಯ ಚಿತ್ರಕ್ಕೆ ಇಳಿಸಿ. ಇಷ್ಟು ಮಾಡಿದ ಮೇಲೂ ರಾತ್ರಿಯಿಡೀ ಓಡಿದರೆ ಮತ್ತೆ ಬರೆಯಿರಿ, ಫೈಲ್ ಸಮೇತ.

ಪ್ರಶ್ನೆ: ಸ್ಕೆಚಪ್‌ನಲ್ಲಿ ಕ್ಯಾಮೆರಾ ತಿರುಗಿಸಿದರೆ ನೆಲ ಮಿಣಮಿಣ ಎನ್ನುತ್ತದೆ. ಗ್ರಾಫಿಕ್ಸ್ ಕಾರ್ಡ್ ಹೋಯಿತಾ? (ನಿವೃತ್ತ ಮೇಷ್ಟ್ರು)

ಕಾರ್ಡ್ ಚೆನ್ನಾಗಿದೆ ಮೇಷ್ಟ್ರೇ. ನೆಲದ ಮೇಲೆ ಟೈಲ್ಸ್‌ಗೆಂದು ಇನ್ನೊಂದು ಹಾಳೆ ಹಾಸಿದ್ದೀರಿ, ಎರಡೂ ಒಂದೇ ಎತ್ತರದಲ್ಲಿವೆ. ಯಾವುದು ಮೇಲೆ ಎಂದು ಪ್ರೋಗ್ರಾಂಗೆ ತೀರ್ಮಾನ ಆಗುತ್ತಿಲ್ಲ. ಒಂದನ್ನು ಅಳಿಸಿ, ಇಲ್ಲವೇ ಮೇಲಿನದನ್ನು 2 ಮಿಲಿಮೀಟರ್ ಎತ್ತಿ. ಕಾರ್ಪೆಟ್, ಗೋಡೆಗೆ ಅಂಟಿಸಿದ ಫೋಟೋ, ಸ್ವಿಚ್ ಬೋರ್ಡ್‌ಗಳಿಗೂ ಇದೇ ಮದ್ದು.

ಪ್ರಶ್ನೆ: ಮಾದರಿ ದೊಡ್ಡದಾದಂತೆ ಪ್ರೋಗ್ರಾಂ ತೆವಳುತ್ತದೆ, ಕೆಲವೊಮ್ಮೆ ಮೆಮೊರಿ ಸಾಲದು ಎಂದು ಮುಚ್ಚಿಕೊಳ್ಳುತ್ತದೆ. ಹೊಸ ಲ್ಯಾಪ್‌ಟಾಪ್ ತಗೊಳ್ಳುವುದೇ ವಾಸಿಯಾ? (ಸಣ್ಣ ಕಾಂಟ್ರಾಕ್ಟರ್)

ಸ್ವಲ್ಪ ತಡೆಯಿರಿ. ನಿಮ್ಮ ಟೆಕ್ಸ್ಚರ್ (ಸಾಮಾನಿನ ಮೇಲೆ ಹೊದಿಸುವ ಚಿತ್ರ) ಫೋಲ್ಡರ್ ತೆರೆದು ನೋಡಿ. ಕುಶನ್ ಬಟ್ಟೆಗೆ 4096×4096ರ ಚಿತ್ರ ಇದೆ ಅಲ್ವಾ? ಡಿಸ್ಕ್‌ನಲ್ಲಿ ಅದು 3 ಎಂಬಿ ಜೆಪೆಗ್, ಏನೂ ಅನಿಸುವುದಿಲ್ಲ. ಆದರೆ ಗ್ರಾಫಿಕ್ಸ್ ಕಾರ್ಡ್‌ಗೆ ಹೋಗುವಾಗ ಜೆಪೆಗ್ ಬಿಚ್ಚಿಕೊಳ್ಳುತ್ತದೆ. ಒಂದು ಪಿಕ್ಸೆಲ್‌ಗೆ 4 ಬೈಟ್ ಎಂದರೆ 64 ಎಂಬಿ. ಬಣ್ಣಕ್ಕೊಂದು, ಉಬ್ಬುತಗ್ಗಿಗೊಂದು, ಹೊಳಪಿಗೊಂದು ಎಂದು ಮೂರು ಚಿತ್ರ ಇದ್ದರೆ ಒಂದು ಕುಶನ್‌ಗೇ 192 ಎಂಬಿ ಹೋಯಿತು. ಇಂಥ ಸಾಮಾನು ಇಪ್ಪತ್ತು ಇಟ್ಟರೆ 4 ಜಿಬಿ ಕಾರ್ಡ್ ಉಸಿರುಗಟ್ಟುತ್ತದೆ. ನಿಮ್ಮ ಚಿತ್ರದ ಅಗಲ 1920 ಪಿಕ್ಸೆಲ್, ಅದರಲ್ಲಿ ಕುಶನ್ ಹಿಡಿದಿರುವ ಜಾಗ 150 ಪಿಕ್ಸೆಲ್. ಅದಕ್ಕೆ 1024ರ ಟೆಕ್ಸ್ಚರ್ ಧಾರಾಳ ಆಯಿತು, ಬರೀ 4 ಎಂಬಿ. ನೆಲ, ದೊಡ್ಡ ಗೋಡೆ, ಕ್ಯಾಮೆರಾ ಪಕ್ಕದ ಮೇಜು, ಇವಕ್ಕೆ ಮಾತ್ರ ದೊಡ್ಡ ಚಿತ್ರ ಇರಲಿ.

ಆಮೇಲೆ ಸಾಮಾನಿನ ಒಳಗಿನ ವಿವರ. ಇಳಿಸಿಕೊಂಡ ಮಂಚದ ಅಡಿಯಲ್ಲಿ ಸ್ಕ್ರೂವಿನ ಸುರುಳಿ ಗೆರೆಯನ್ನೂ ಕೊರೆದಿಟ್ಟವರಿದ್ದಾರೆ. ಜಿಪ್ಪಿನ ಹಲ್ಲುಗಳನ್ನು ಒಂದೊಂದಾಗಿ ಮಾಡಿದ ದಿಂಬುಗಳಿವೆ. ಅದು ಅವರ ಹವ್ಯಾಸ, ಭಾರ ಹೊರುವುದು ನೀವು. ಸ್ಕೆಚಪ್‌ನಲ್ಲಿ ಮಾಡೆಲ್ ಇನ್ಫೋ, ಸ್ಟ್ಯಾಟಿಸ್ಟಿಕ್ಸ್ ನೋಡಿದರೆ ಎಷ್ಟು ಫೇಸ್ (ಆಕಾರದ ಚಪ್ಪಟೆ ಮುಖಗಳು) ಇವೆ ಎಂದು ತಿಳಿಯುತ್ತದೆ. ಅಲ್ಲೇ ಇರುವ ಪರ್ಜ್ ಅನ್‌ಯೂಸ್ಡ್ ಒತ್ತಿ. ನೀವು ಅಳಿಸಿದ ಸೋಫಾಗಳೂ ಫೈಲಿನೊಳಗೆ ಕೂತೇ ಇರುತ್ತವೆ, ಆಗ ಹೊರಗೆ ಹೋಗುತ್ತವೆ. ಬ್ಲೆಂಡರ್‌ನಲ್ಲಿ ಓವರ್‌ಲೇ ಪಟ್ಟಿಯ ಸ್ಟ್ಯಾಟಿಸ್ಟಿಕ್ಸ್ ಟಿಕ್ ಮಾಡಿದರೆ ಲೆಕ್ಕ ಕಾಣುತ್ತದೆ. ಒಂದೇ ಥರದ ಕುರ್ಚಿ ಆರು ಇದ್ದರೆ ಶಿಫ್ಟ್ ಡಿ ಬದಲು ಆಲ್ಟ್ ಡಿ ಒತ್ತಿ ನಕಲು ಮಾಡಿ. ಆರೂ ಕುರ್ಚಿ ಒಂದೇ ಆಕಾರವನ್ನು ಹಂಚಿಕೊಳ್ಳುತ್ತವೆ.

ಲ್ಯಾಪ್‌ಟಾಪ್‌ನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದರೆ, ದುಡ್ಡು ಕೊಟ್ಟು ತಂದ ದೊಡ್ಡದು ಮಲಗಿದ್ದು ಪ್ರೊಸೆಸರ್ ಜೊತೆ ಬಂದ ಚಿಕ್ಕದು ದುಡಿಯುತ್ತಿರಬಹುದು. ವಿಂಡೋಸ್ ಸೆಟಿಂಗ್ಸ್‌ನಲ್ಲಿ ಸಿಸ್ಟಂ, ಡಿಸ್‌ಪ್ಲೇ, ಗ್ರಾಫಿಕ್ಸ್‌ಗೆ ಹೋಗಿ, ನಿಮ್ಮ ಪ್ರೋಗ್ರಾಂ ಆರಿಸಿ ಹೈ ಪರ್ಫಾರ್ಮೆನ್ಸ್ ಕೊಡಿ. ಬ್ಲೆಂಡರ್‌ನಲ್ಲಿ ಇದು ಸಾಲದು. ಪ್ರಿಫರೆನ್ಸಸ್‌ನ ಸಿಸ್ಟಂ ಭಾಗದಲ್ಲಿ ನಿಮ್ಮ ಕಾರ್ಡ್‌ಗೆ ಟಿಕ್ ಹಾಕಬೇಕು, ರೆಂಡರ್ ಸೆಟಿಂಗ್‌ನಲ್ಲಿ ಡಿವೈಸ್ ಅನ್ನು ಜಿಪಿಯು ಎಂದು ಬದಲಾಯಿಸಬೇಕು. ಎರಡರಲ್ಲಿ ಒಂದು ಬಿಟ್ಟರೂ ಕೆಲಸ ಪ್ರೊಸೆಸರ್ ಮೇಲೇ ಬೀಳುತ್ತದೆ. ರೆಂಡರ್ ಓಡುವಾಗ ಚಾರ್ಜರ್ ಹಾಕಿಯೇ ಇರಲಿ.

ಇಷ್ಟಾದ ಮೇಲೂ ತೆವಳಿದರೆ, ಹೌದು, ತಗೊಳ್ಳಿ. ತಗೊಳ್ಳುವಾಗ ಕಾರ್ಡಿನ ಹೆಸರಿಗಿಂತ ಅದರ ಮೆಮೊರಿ ಎಷ್ಟು ಎಂದು ಕೇಳಿ.

ಪ್ರಶ್ನೆ: ಎಲ್ಲವೂ ಸರಿಯಾಗಿದೆ. ಬೆಳಕಿದೆ, ಚುಕ್ಕೆ ಇಲ್ಲ. ಆದರೂ ಚಿತ್ರ ನಿಜ ಅನಿಸುವುದಿಲ್ಲ, ಪ್ಲಾಸ್ಟಿಕ್ ಆಟಿಕೆಯ ಮನೆ ಹಾಗಿದೆ. ಗಿರಾಕಿ ಒಪ್ಪುತ್ತಿಲ್ಲ. (ಮಾಡ್ಯುಲರ್ ಅಡುಗೆಮನೆ ವಿನ್ಯಾಸ ಮಾಡುವವರು)

ಈ ಸಲದ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ನಿಮ್ಮ ಚಿತ್ರವನ್ನು ಪಕ್ಕದಲ್ಲಿಟ್ಟುಕೊಂಡೇ ಬರೆಯುತ್ತಿದ್ದೇನೆ.

ಮೊದಲು ಗೋಡೆ. ಅದರ ಬಿಳಿ 255, 255, 255 (0 ಅಂದರೆ ಅಚ್ಚ ಕಪ್ಪು, 255 ಅಂದರೆ ಅಚ್ಚ ಬಿಳಿ). ಅಂದರೆ ಬಿದ್ದ ಬೆಳಕನ್ನು ಪೂರ್ತಿ ವಾಪಸ್ ಕೊಡುವ ಗೋಡೆ. ಅಂಥ ಬಣ್ಣ ಯಾವ ಡಬ್ಬದಲ್ಲೂ ಸಿಗುವುದಿಲ್ಲ. ಒಳ್ಳೆಯ ಬಿಳಿ ಪೇಂಟ್ ಸುಮಾರು 80 ಶೇಕಡಾ ವಾಪಸ್ ಕೊಡುತ್ತದೆ. ಪ್ರೋಗ್ರಾಂನಲ್ಲಿ ಅದು 230ರ ಆಸುಪಾಸು. ಈ ವ್ಯತ್ಯಾಸ ಸಣ್ಣದಲ್ಲ. 80 ಶೇಕಡಾ ಗೋಡೆಗೆ ನಾಲ್ಕು ಸಲ ಬಡಿದ ಬೆಳಕು 41 ಶೇಕಡಾಕ್ಕೆ ಇಳಿಯುತ್ತದೆ, ಹಾಗಾಗಿ ಮೂಲೆಯಲ್ಲಿ ಮೆಲ್ಲಗೆ ನೆರಳು ಕೂರುತ್ತದೆ. 100 ಶೇಕಡಾ ಗೋಡೆಯಲ್ಲಿ ಬೆಳಕು ಸೋಲುವುದೇ ಇಲ್ಲ. ಮೂಲೆ, ಸೀಲಿಂಗ್, ಬಾಗಿಲ ಹಿಂದೆ ಎಲ್ಲ ಒಂದೇ ಬಿಳುಪು. ನಿಮ್ಮ ಅಡುಗೆಮನೆ ಚಪ್ಪಟೆಯಾಗಿ ಕಾಣುವುದು ಅದಕ್ಕೇ. ಕಪ್ಪು ಗ್ರಾನೈಟ್‌ಗೂ 0 ಕೊಟ್ಟಿದ್ದೀರಿ, 40ರಿಂದ 50ಕ್ಕೆ ಏರಿಸಿ.

ಎರಡನೆಯದು ಅಂಚು. ಕ್ಯಾಬಿನೆಟ್ ಬಾಗಿಲು ಬ್ಲೇಡಿನ ಹಾಗಿದೆ. ನಿಮ್ಮ ಕಾರ್ಖಾನೆಯಲ್ಲಿ ಎಡ್ಜ್ ಬ್ಯಾಂಡ್ ಹಾಕಿದ ನಿಜವಾದ ಶಟರ್ ಅನ್ನು ಕಿಟಕಿ ಕಡೆ ಓರೆ ಹಿಡಿದು ನೋಡಿ. ಅಂಚಿನುದ್ದಕ್ಕೂ ಒಂದು ತೆಳು ಬೆಳಕಿನ ಗೆರೆ ಓಡುತ್ತದೆ. ಎಷ್ಟೇ ಚೂಪಾಗಿ ಕತ್ತರಿಸಿದರೂ ಅಂಚು ಸ್ವಲ್ಪ ದುಂಡಗಿರುವುದರಿಂದ ಬರುವ ಗೆರೆ ಅದು. ಮಾದರಿಯಲ್ಲಿ 1ರಿಂದ 2 ಮಿಲಿಮೀಟರ್ ಬೆವೆಲ್ (ಅಂಚಿನ ದುಂಡು) ಕೊಟ್ಟರೆ ಆ ಗೆರೆ ಬಂದುಬಿಡುತ್ತದೆ. ಎರಡು ಶಟರ್ ನಡುವೆ 3 ಮಿಲಿಮೀಟರ್ ಸಂದು ಬಿಡಿ. ಈಗ ಇರುವುದು ಒಂದೇ ಹಲಗೆಯ ಮೇಲೆ ಗೆರೆ ಎಳೆದ ಹಾಗೆ.

ನೆಲದ ಟೈಲ್ಸ್ ಅಳತೆ ತಪ್ಪಿದೆ. ನೀವು ಬಳಸಿದ ಚಿತ್ರದಲ್ಲಿ ಎರಡು ಸಾಲು, ಸಾಲಿಗೆ ಎರಡು ಟೈಲ್ಸ್. ಒಂದೊಂದು 60 ಸೆಂಟಿಮೀಟರ್ ಅಂದರೆ ಆ ಚಿತ್ರದ ಅಗಲ 120 ಎಂದು ಕೊಡಬೇಕು. ನೀವು 60 ಕೊಟ್ಟಿದ್ದೀರಿ. ಟೈಲ್ಸ್ 30ರದ್ದಾಗಿ ರೂಮ್ ಇರುವುದಕ್ಕಿಂತ ದೊಡ್ಡದು ಎಂಬ ಭಾವನೆ ಬರುತ್ತಿದೆ. ಗಿರಾಕಿಗೆ ಕಾರಣ ಹೇಳಲು ಬರದೆ ಇರಬಹುದು, ಕಣ್ಣಿಗೆ ಮಾತ್ರ ಗೊತ್ತಾಗುತ್ತದೆ.

ಕೊನೆಗೆ ಕ್ಯಾಮೆರಾ. ಇಡೀ ಅಡುಗೆಮನೆ ಒಂದೇ ಚಿತ್ರದಲ್ಲಿ ಹಿಡಿಸಲು ನೋಟದ ಕೋನವನ್ನು 100 ಡಿಗ್ರಿ ಮಾಡಿದ್ದೀರಿ, ಫ್ರಿಜ್ ಪಕ್ಕಕ್ಕೆ ಹಿಗ್ಗಿದೆ. ಮೇಲಿನಿಂದ ಕೆಳಗೆ ನೋಡಿದ್ದರಿಂದ ಗೋಡೆಗಳು ವಾಲಿವೆ. ಕೋನ 60ರಿಂದ 75ರ ಒಳಗಿರಲಿ. ಕ್ಯಾಮೆರಾ ಎತ್ತರ 120ರಿಂದ 140 ಸೆಂಟಿಮೀಟರ್ ಇಟ್ಟು, ನೇರ ಮುಂದಕ್ಕೆ ನೋಡಲಿ. ಸ್ಕೆಚಪ್‌ನಲ್ಲಿ ಟೂ ಪಾಯಿಂಟ್ ಪರ್ಸ್‌ಪೆಕ್ಟಿವ್ ಒತ್ತಿದರೆ ಕಂಬಗಳು ನೆಟ್ಟಗಾಗುತ್ತವೆ. ಬ್ಲೆಂಡರ್‌ನಲ್ಲಿ ಕ್ಯಾಮೆರಾ ಬಗ್ಗಿಸದೆ ಶಿಫ್ಟ್ ವೈ ಬಳಸಿ ಚೌಕಟ್ಟನ್ನು ಮೇಲೆ ಕೆಳಗೆ ಸರಿಸಿ. ಜಾಗ ಸಾಲದಿದ್ದರೆ ಕ್ಯಾಮೆರಾವನ್ನು ಗೋಡೆಯಾಚೆ ಒಯ್ದು, ಕ್ಲಿಪ್ ಸ್ಟಾರ್ಟ್ (ಎಷ್ಟು ದೂರದಿಂದಾಚೆ ಕ್ಯಾಮೆರಾಕ್ಕೆ ಕಾಣಬೇಕು ಎಂಬ ಅಳತೆ) ಏರಿಸಿ ಗೋಡೆಯನ್ನು ದಾಟಿ ನೋಡಿ. ಇದು ಮೋಸ ಏನಲ್ಲ, ನಿಜ ಫೋಟೋಗ್ರಾಫರ್‌ಗೆ ಇಲ್ಲದ ಅನುಕೂಲ ನಮಗಿದೆ ಅಷ್ಟೇ.

ದೀಪದ ಬಣ್ಣವನ್ನೂ ಹೇಳಿಬಿಡುತ್ತೇನೆ. ಕ್ಯಾಬಿನೆಟ್ ಅಡಿಯ ಪಟ್ಟಿಗೆ 3000 ಕೆಲ್ವಿನ್ (ಹಳದಿ ಕಡೆಯ ಬೆಳಕು), ಕಿಟಕಿಯ ಹಗಲಿಗೆ 6500 (ನೀಲಿ ಕಡೆಯದು). ಎರಡೂ ಅಚ್ಚ ಬಿಳಿಯಾಗಿದ್ದರೆ ಆಪರೇಷನ್ ಥಿಯೇಟರ್ ಆಗುತ್ತದೆ.

ಪ್ರಶ್ನೆ: ಎ3 ಕಾಗದಕ್ಕೆ ಪ್ರಿಂಟ್ ಹಾಕಿಸಬೇಕು. ಎಷ್ಟು ಪಿಕ್ಸೆಲ್? (ಡ್ರಾಫ್ಟ್ಸ್‌ಮನ್)

ಕೈಯಲ್ಲಿ ಹಿಡಿದು ನೋಡುವುದಾದರೆ 300 ಡಿಪಿಐ (ಇಂಚಿಗೆ 300 ಚುಕ್ಕೆ), ಅಂದರೆ 4961×3508. ಗೋಡೆಗೆ ಅಂಟಿಸಿ ದೂರದಿಂದ ನೋಡುವುದಾದರೆ 150 ಸಾಕು, 2480×1754. ಎರಡನೆಯದರಲ್ಲಿ ಪಿಕ್ಸೆಲ್ ಕಾಲು ಭಾಗ, ಸಮಯವೂ ಹೆಚ್ಚುಕಡಿಮೆ ಕಾಲು ಭಾಗ.

ಪ್ರಶ್ನೆ: ಕರೆಂಟ್ ಹೋಗಿ ಕಂಪ್ಯೂಟರ್ ಆರಿತು. ಈಗ ಫೈಲ್ ತೆರೆಯುತ್ತಿಲ್ಲ. ವಾರದ ಕೆಲಸ ಹೋಯಿತಾ? (ಹೆಸರು ಬೇಡ ಎಂದವರು)

ಪೂರ್ತಿ ಹೋಗಿರಲಾರದು. ಮೊದಲು ಆ ಕೆಟ್ಟ ಫೈಲನ್ನು ನಕಲು ಮಾಡಿ ಬೇರೆ ಕಡೆ ಇಡಿ, ಮೂಲದ ಮೇಲೆ ಪ್ರಯೋಗ ಬೇಡ. ಬ್ಲೆಂಡರ್ ಆದರೆ ಅದೇ ಫೋಲ್ಡರ್‌ನಲ್ಲಿ ಹೆಸರಿನ ಕೊನೆಗೆ 1 ಇರುವ ಫೈಲ್ ಹುಡುಕಿ. ಅದು ಹಿಂದಿನ ಸಲ ಸೇವ್ ಮಾಡಿದ್ದು. ಕೊನೆಯ 1 ಅಳಿಸಿದರೆ ತೆರೆಯುತ್ತದೆ. ಆ ಹೆಸರಿನ ಫೈಲ್ ಆಗಲೇ ಅಲ್ಲಿರುತ್ತದೆ, ಬೇರೆ ಹೆಸರು ಕೊಡಿ. ಸ್ಕೆಚಪ್ ಆದರೆ ಎಸ್‌ಕೆಬಿ ಎಂದು ಮುಗಿಯುವ ಫೈಲ್ ಇದ್ದರೆ ಅದನ್ನು ಎಸ್‌ಕೆಪಿ ಎಂದು ಬದಲಾಯಿಸಿ. ಆಟೋಕ್ಯಾಡ್ ಆದರೆ ಬಿಎಕೆ ಇರುವುದನ್ನು ಡಿಡಬ್ಲ್ಯುಜಿ ಮಾಡಿ.

ಸ್ವೀಟ್ ಹೋಮ್ 3ಡಿ ಆದರೆ ಪ್ರೋಗ್ರಾಂ ಮತ್ತೆ ತೆರೆದಾಗ ತಾನಾಗಿ ಉಳಿಸಿಕೊಂಡದ್ದನ್ನು ಅದೇ ಮುಂದೆ ಇಡುತ್ತದೆ. ಇಡದಿದ್ದರೆ ಇನ್ನೊಂದು ದಾರಿ ಇದೆ. ಅದರ ಎಸ್‌ಎಚ್3ಡಿ ಫೈಲ್ ನಿಜದಲ್ಲಿ ಒಂದು ಜಿಪ್. ನಕಲಿನ ಕೊನೆಯ ಹೆಸರನ್ನು ಜಿಪ್ ಎಂದು ಬದಲಾಯಿಸಿ ಬಿಚ್ಚಿ ನೋಡಿ. ನೀವು ಸೇರಿಸಿದ ಸಾಮಾನು, ಟೆಕ್ಸ್ಚರ್‌ಗಳು ನಂಬರ್ ಹೆಸರಿನಲ್ಲಿ ಒಳಗೆ ಸಿಗಬಹುದು. ಗೋಡೆಗಳನ್ನು ಮತ್ತೆ ಎಳೆಯಬೇಕಾದೀತು, ಸಾಮಾನು ಹುಡುಕುವ ಕೆಲಸವಾದರೂ ಉಳಿಯುತ್ತದೆ. ಆ ಪ್ರೋಗ್ರಾಂನ ಪ್ರಿಫರೆನ್ಸಸ್‌ನಲ್ಲಿ ಎಷ್ಟು ನಿಮಿಷಕ್ಕೊಮ್ಮೆ ತಾನಾಗಿ ಉಳಿಸಬೇಕು ಎಂಬ ಜಾಗ ಇದೆ. ಅಲ್ಲಿ 5 ಎಂದು ಹಾಕಿ. ಇವತ್ತಿನಿಂದ ದಿನಕ್ಕೊಂದು ಹೆಸರಿನಲ್ಲಿ ಸೇವ್ ಮಾಡಿ, ಹಳೆಯದರ ಮೇಲೇ ಬರೆಯಬೇಡಿ.